ಹನ್ನೊಂದು ಹತ್ತರ ಕಾರ್ಕಳ ಬಸ್ಸು

ಮೊನ್ನೆ ಕನ್ನಡಕ ಬದಲಾಯಿಸಲಿಕ್ಕೆಂದು ಕಾರ್ಕಳಕ್ಕೆ ಹೋಗಿದ್ದೆ. ಬಸ್ಸು ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದೇನೆ ಅಷ್ಟೆ, ಹಣ್ಣಿನ ಗಾಡಿಯವನೊಬ್ಬ ಮಳೆಯಲ್ಲಿ ನೆನೆದ ನೀಲಿ ಟರ್ಪಾಲನ್ನು ಬಿಡಿಸಿ ಕೊಡವಿದ. ಆ ವಾಸನೆ ಉಂಟಲ್ಲ, ಹಸಿ ಪ್ಲಾಸ್ಟಿಕ್ಕು, ಬೂಸಲು, ಕೊಳೆತ ಹಗ್ಗ ಎಲ್ಲ ಸೇರಿದ್ದು, ಅದು ಮೂಗಿಗೆ ಬಡಿದದ್ದೇ ತಡ ನನ್ನ ಕಾಲು ನಿಂತೇ ಹೋಯಿತು. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಗಾಡಿಯವ ಪಾಪ, ಬಿಪಿಯಾ ಅಜ್ಜ ಎಂದು ನೀರು ತಂದುಕೊಟ್ಟ. ಅರುವತ್ತೊಂದಕ್ಕೇ ನನ್ನನ್ನು ಅಜ್ಜ ಮಾಡಿಬಿಟ್ಟ. ಬಿಪಿ ಅಲ್ಲ ಮಾರಾಯ, ಸಿಟ್ಟು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗಬೇಕೆಂದೂ ಇಲ್ಲ.

ಆ ಟರ್ಪಾಲಿನ ವಾಸನೆ ಮೂರು ವರ್ಷದ ಹಿಂದಿನ ಆಟಿ ತಿಂಗಳದ್ದು. ಆಟಿ ಎಂದರೆ ನಮ್ಮ ತುಳುನಾಡಿನಲ್ಲಿ ಮಳೆ ಬಿಡುವಿಲ್ಲದೆ ಹೊಡೆಯುವ ಕಾಲ, ಮದುವೆ ಮುಂಜಿ ಇಲ್ಲ, ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದಿರುತ್ತದೆ, ಕಡಲಿಗೆ ಬೋಟು ಇಳಿಯುವುದಿಲ್ಲ. ಜನರಿಗೆ ಪುರುಸೊತ್ತು ಇರುವ ತಿಂಗಳು ಅದೊಂದೇ. ಅದೇ ತಿಂಗಳಲ್ಲಿ ಕಾಪು ಪೇಟೆಯಲ್ಲಿ ಜನ ಪೆಟ್ಟು ತಿಂದರು. ನಾನು ಕಣ್ಣಾರೆ ಕಂಡೆ. ಕಂಡದ್ದನ್ನು ಹೇಳಲಿಕ್ಕೂ ಹೋದೆ. ಹೋಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ದಿನಕ್ಕೊಮ್ಮೆ ಅನ್ನಿಸುತ್ತದೆ.

ಕಾಪುವಿನಲ್ಲಿ ನಾನು ಇಪ್ಪತ್ತೆರಡು ವರ್ಷ ಟೈಮ್ ಕೀಪರ್ ಆಗಿದ್ದೆ. ಘಟ್ಟದ ಮೇಲಿನವರಿಗೆ ಈ ಕೆಲಸ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಒಂದರ ಬೆನ್ನಿಗೆ ಒಂದು. ಒಂದು ಬಸ್ಸು ತಡವಾಗಿ ಬಂದರೆ ಹಿಂದಿನ ಬಸ್ಸಿಗೆ ಸಿಗಬೇಕಾದ ಜನರನ್ನೂ ಅದೇ ಬಾಚಿಕೊಂಡು ಹೋಗುತ್ತದೆ. ಆಮೇಲೆ ಎರಡು ಕಂಡಕ್ಟರುಗಳು ರಸ್ತೆಯಲ್ಲೇ ಕಾಲರ್ ಹಿಡಿದುಕೊಳ್ಳುತ್ತಾರೆ. ಹಾಗಾಗಬಾರದೆಂದು ಮಾಲಕರೆಲ್ಲ ಸೇರಿ ಮುಖ್ಯ ನಿಲ್ದಾಣಗಳಲ್ಲಿ ಒಬ್ಬೊಬ್ಬನನ್ನು ಕೂರಿಸುತ್ತಾರೆ. ಅವನಿಗೆ ಒಂದು ಮೇಜು, ಒಂದು ಗಡಿಯಾರ, ಒಂದು ವಿಸಿಲು, ಒಂದು ಉದ್ದನೆಯ ಪುಸ್ತಕ. ಬಸ್ಸು ಬಂದ ನಿಮಿಷವನ್ನು ಬರೆಯುವುದು, ಹೊರಡುವ ಹೊತ್ತಾದರೆ ವಿಸಿಲು ಊದಿ ಓಡಿಸುವುದು. ಮೂರು ಬಸ್ಸಿನ ಹಾರ್ನು ಕೇಳಿದರೆ ಯಾವುದು ಯಾರದ್ದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆ ಜಂಬ ನನಗೆ ಇತ್ತು.

ಪುಸ್ತಕದಲ್ಲಿ ಬರೆದ ನಿಮಿಷವೆಲ್ಲ ಸತ್ಯವೇ ಎಂದರೆ ನನ್ನ ನಾಲಿಗೆಗೆ ಹುಳ ಬೀಳಬೇಕು. ಡ್ರೈವರ್ ಇಳಿದು ಮಂಡೆ ತುರಿಸಿಕೊಂಡು ನಿಲ್ಲುತ್ತಾನೆ. ಬಸುರಿ ಹೆಂಗಸು ಹತ್ತಿದ್ದರು, ನಿಧಾನ ಬಂದೆ ಎನ್ನುತ್ತಾನೆ. ದನ ಅಡ್ಡ ಬಂತು ಎನ್ನುತ್ತಾನೆ. ಲೇಟು ಎಂದು ನಾನು ಬರೆದರೆ ಸಂಜೆ ಮಾಲಕನ ಬೈಗುಳ, ಎರಡು ದಿನ ಡ್ಯೂಟಿ ಇಲ್ಲ. ಆದ್ದರಿಂದ ಬಸ್ಸು ಎಷ್ಟಕ್ಕೇ ಬರಲಿ, ಬರಬೇಕಾದ ಹೊತ್ತನ್ನೇ ಬರೆದುಬಿಡುವುದು. ಇದಕ್ಕೆ ನಮ್ಮೊಳಗೆ ಅಡ್ಜಸ್ಟ್ ಎಂದು ಹೆಸರು. ಉಡುಪಿಯವನೂ ಮಾಡುತ್ತಿದ್ದ, ಪಡುಬಿದ್ರಿಯವನೂ ಮಾಡುತ್ತಿದ್ದ. ಮಾಡದವನು ಆ ಕುರ್ಚಿಯಲ್ಲಿ ಒಂದು ವಾರ ಕೂರಲಾರ. ನಾಲ್ಕು ನಿಮಿಷದಲ್ಲಿ ಯಾರ ಗಂಟು ಹೋಗುತ್ತದೆ ಹೇಳಿ. ವಾಸಣ್ಣ ಒಳ್ಳೆಯ ಜನ ಎಂದು ಕಾರ್ಕಳದವರೆಗೂ ಹೆಸರಿತ್ತು.

ಜೂಲಿಯಾನ ಬಾಯಿ ಶಿರ್ವದ ಆಚೆಯ ಒಂದು ಹಳ್ಳಿಯವರು. ಊರಿನ ಹೆಸರು ಬೇಡ, ಕೇಸು ಇನ್ನೂ ಉಂಟು. ಐವತ್ತೈದರ ಆಸುಪಾಸಿನ ವಿಧವೆ, ಒಬ್ಬಳೇ ಮಗಳು ಮಸ್ಕತ್ತಿನಲ್ಲಿ ನರ್ಸು. ಮನೆಯ ಸುತ್ತ ಮಲ್ಲಿಗೆ ಗಿಡ. ಬೆಳಿಗ್ಗೆ ಕೊಯ್ದು, ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಪುವಿಗೆ ತಂದು, ನನ್ನ ಮೇಜಿನ ಎದುರೇ ಮಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ಅವರ ಕ್ರಮ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು. ನಾನು ಬಾಯಮ್ಮ ಎನ್ನುತ್ತಿದ್ದೆ, ಅವರು ವಾಸಣ್ಣ ಎನ್ನುತ್ತಿದ್ದರು. ನಾಲಿಗೆ ಸ್ವಲ್ಪ ಖಾರ. ಇಗರ್ಜಿಯ ಪಾದ್ರಿಯವರ ಪ್ರಸಂಗ ಉದ್ದವಾದರೂ ನೇರ ಹೇಳಿಬಿಡುವ ಹೆಂಗಸು.

ಅವರ ಊರಿನಲ್ಲಿ ಒಂದು ಮದಗ ಉಂಟು, ಗದ್ದೆಗಳಿಗೆಲ್ಲ ನೀರು ಕೊಡುವ ದೊಡ್ಡ ಕೆರೆ. ಅದರ ದಂಡೆಯ ಜಾಗವನ್ನು ಹೊರಗಿನವರಿಗೆ ಕೊಡಬಹುದೇ ಎಂದು ಗ್ರಾಮಸಭೆಯಲ್ಲಿ ಕೇಳಿದರು. ಊರಿಗೆ ಊರೇ ಬೇಡ ಎಂದಿತು. ಎರಡು ತಿಂಗಳು ಕಳೆದು ನಡಾವಳಿಯ ಪುಸ್ತಕ ತೆರೆಸಿ ನೋಡಿದರೆ ಅದರಲ್ಲಿ ಸರ್ವಾನುಮತದಿಂದ ಒಪ್ಪಲಾಯಿತು ಎಂದು ಚಂದದ ಅಕ್ಷರದಲ್ಲಿ ಬರೆದಿತ್ತು. ಯಾರು ಬರೆದದ್ದು ಎಂದು ಕೇಳೋಣವೆಂದರೆ ಕೇಳಲಿಕ್ಕೆ ಸದಸ್ಯರೇ ಇಲ್ಲ. ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು, ಚುನಾವಣೆಯನ್ನು ಮುಂದೆ ಮುಂದೆ ಹಾಕುತ್ತಲೇ ಇದ್ದರು, ಒಬ್ಬ ಅಧಿಕಾರಿ ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಸಹಿ ಹಾಕಿ ಹೋಗುತ್ತಿದ್ದ. ಜೂಲಿಯಾನ ಬಾಯಿ ಅವನ ಜೀಪಿನ ಎದುರು ನಿಂತು, ನಾನು ಬೇಡ ಎಂದದ್ದು ನಿಮ್ಮ ಪುಸ್ತಕದಲ್ಲಿ ಹೇಗೆ ಬೇಕು ಎಂದಾಯಿತು ಎಂದು ಕೇಳಿದರು. ಆ ದಿನದಿಂದ ಅವರ ಹೆಸರು ಮೇಲಿನವರ ಬಾಯಲ್ಲಿ ಬಿತ್ತು.

ಕೇಳಿ ನೋಡಿದರೆ ಸುತ್ತಲಿನ ಊರುಗಳಲ್ಲೂ ಇದೇ ಕತೆ. ಎಲ್ಲರೂ ಸೇರಿ ಕಾಪುವಿನ ಒಂದು ಸರಕಾರಿ ಕಚೇರಿಯ ಎದುರು ಧರಣಿ ಕುಳಿತರು. ಬೇಡಿಕೆ ದೊಡ್ಡದೇನಲ್ಲ. ಚುನಾವಣೆ ಮಾಡಿ. ಗ್ರಾಮಸಭೆಯ ತೀರ್ಮಾನವನ್ನು ಸಭೆ ಏಳುವ ಮೊದಲೇ ಎಲ್ಲರ ಎದುರು ಓದಿ, ಪ್ರತಿ ಕೊಡಿ. ಅದನ್ನು ಮೇಲಿನವರು ತಿದ್ದಲಿಕ್ಕಾಗದ ಹಾಗೆ ಕಾನೂನು ಬದಲಾಯಿಸಿ. ನೀಲಿ ಟರ್ಪಾಲು ಕಟ್ಟಿ, ಕೆಳಗೆ ಅಡಿಕೆ ಹಾಳೆ, ಗೋಣಿಚೀಲ ಹಾಸಿ ಕುಳಿತದ್ದು ಸರಿಯಾಗಿ ನನ್ನ ಮೇಜಿನ ಎದುರು, ರಸ್ತೆಯ ಆ ಬದಿ. ಕಡಲಿಗೆ ಹೋಗಲಿಕ್ಕಿಲ್ಲದ ಎರ್ಮಾಳಿನ ಮೀನುಗಾರರು ಬಂದರು. ನಿಟ್ಟೆಯ ಕಾಲೇಜು ಹಾಸ್ಟೆಲಿನಿಂದ ಹತ್ತಿಪ್ಪತ್ತು ಮಕ್ಕಳು ಬಂದು ಚಂದದ ಬೋರ್ಡು ಬರೆದರು. ಬೆಳಿಗ್ಗೆ ಹೂವು ಕೊಟ್ಟು ಜೂಲಿಯಾನ ಬಾಯಿ ಆ ಟರ್ಪಾಲಿನ ಕೆಳಗೆ ಹೋಗಿ ಕುಳಿತರೆ ಸಂಜೆಯ ಬಸ್ಸಿಗೇ ಏಳುವುದು. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ. ಒಂದು ದಿನ ಯಾರದೋ ಮನೆಯಿಂದ ಪತ್ರೊಡೆ ಬಂದಿತ್ತು, ನನ್ನ ಮೇಜಿಗೂ ಎರಡು ತುಂಡು ಕಳಿಸಿದರು.

ನಾನು ಒಂದು ದಿನವೂ ಆ ಟರ್ಪಾಲಿನ ಕೆಳಗೆ ಕುಳಿತವನಲ್ಲ. ನನಗೆಂತಕ್ಕೆ ರಾಜಕೀಯ ಎನ್ನುವ ಜಾತಿ ನಾನು. ಬಾಯಮ್ಮ, ನಿಮ್ಮ ಗಂಜಿಗೆ ಸರಕಾರ ನಡುಗುತ್ತಾ ಉಂಟಂತೆ ಎಂದು ತಮಾಷೆ ಮಾಡುತ್ತಿದ್ದೆ. ನಡುಗುವುದು ಬೇಡ, ಕಿವಿ ಕೇಳಿದರೆ ಸಾಕು ಎನ್ನುತ್ತಿದ್ದರು. ಹದಿನೆಂಟು ದಿನ ಹೀಗೆ ಹೋಯಿತು. ಯಾರೂ ಒಂದು ಕಲ್ಲು ಮುಟ್ಟಲಿಲ್ಲ, ಒಂದು ಬಸ್ಸು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗಬೇಕು ಅಲ್ವಾ?

ಹತ್ತೊಂಬತ್ತನೇ ದಿನ ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಮಳೆ ಎಂದರೆ ಕೊಡೆ ಬಿಡಿಸಿದರೂ ಸೊಂಟದ ಕೆಳಗೆ ಒದ್ದೆ. ಹನ್ನೊಂದರ ಹೊತ್ತಿಗೆ ಎರಡು ದೊಡ್ಡ ವ್ಯಾನು ಬಂದು ನಿಂತಿತು. ಇಳಿದ ಪೊಲೀಸರು ನಮ್ಮ ಊರಿನವರಲ್ಲ. ನಮ್ಮವರಾದರೆ ಮುಖ ನೋಡಿದರೆ ಮನೆ ಗೊತ್ತಾಗುತ್ತದೆ. ಒಬ್ಬ ಅಧಿಕಾರಿ ಕೈಯಲ್ಲಿ ಹಿಡಿಯುವ ಮೈಕಿನಲ್ಲಿ ಏನೋ ಓದಿದ. ಟರ್ಪಾಲಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ರಸ್ತೆಯ ಈ ಬದಿಯ ನನಗೂ ಕೇಳಲಿಲ್ಲ, ಕೆಳಗೆ ಕುಳಿತವರಿಗೂ ಕೇಳಿರಲಿಕ್ಕಿಲ್ಲ. ಜೂಲಿಯಾನ ಬಾಯಿ ಎದ್ದು ಕಿವಿಗೆ ಕೈಯಿಟ್ಟು, ಎಂತ ಎಂದು ಕೇಳುತ್ತಾ ಮುಂದೆ ಬಂದರು. ಅವರ ಕಂಕುಳಲ್ಲಿ ಆ ದಿನದ ಹೂವಿನ ಕಟ್ಟು ಇತ್ತು, ಮಳೆಗೆ ಮಂಗಳೂರು ಬಸ್ಸು ತಪ್ಪಿತ್ತು.

ಆಗ ಪೊಲೀಸರು ವಿಸಿಲು ಊದಿದರು. ವಿಸಿಲು ಕೇಳಿದರೆ ಗಡಿಯಾರ ನೋಡುವುದು ನನ್ನ ರೋಗ. ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಇದನ್ನು ನಾನು ದೇವರ ಎದುರು ಬೇಕಾದರೂ ಹೇಳುತ್ತೇನೆ.

ಮೊದಲು ಹಗ್ಗ ಕತ್ತರಿಸಿದರು. ತುಂಬಿದ ನೀರಿನ ಸಮೇತ ಟರ್ಪಾಲು ಜನರ ಮೇಲೆ ಬಿತ್ತು. ಅದರ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದವರಿಗೆ ಬಂದ ಹಾಗೆ ಬಡಿದರು. ಮಂಡೆ, ಬೆನ್ನು, ಮೊಣಕಾಲು ಎಂದು ನೋಡಲಿಲ್ಲ. ಎರ್ಮಾಳಿನ ಒಬ್ಬರು ಮುದುಕರು ಕೈ ಮುಗಿದು ಕುಳಿತೇ ಇದ್ದರು, ಮುಗಿದ ಕೈಯ ಮೇಲೆಯೇ ಹೊಡೆದರು. ಬೆಳಿಗ್ಗೆ ನನ್ನ ಹತ್ತಿರ ನಿಟ್ಟೆ ಬಸ್ಸಿನ ಹೊತ್ತು ಕೇಳಿದ್ದ ಹುಡುಗಿಯನ್ನು ಜಡೆ ಹಿಡಿದು ಎಳೆದದ್ದನ್ನು ಕಂಡೆ. ನಾನೆಂತ ಮಾಡಿದೆ ಎಂದು ಕೇಳಿ. ನಿಂತಿದ್ದೆ. ಬಾಯಲ್ಲಿ ವಿಸಿಲು ಇತ್ತು, ಊದಲಿಲ್ಲ.

ಜೂಲಿಯಾನ ಬಾಯಿಗೆ ಮಣಿಕಟ್ಟಿಗೆ ಒಂದು ಪೆಟ್ಟು, ಹಣೆಗೆ ಒಂದು. ಬಾಳೆಲೆಯ ಕಟ್ಟು ರಸ್ತೆಗೆ ಬಿದ್ದು, ಬೂಟುಗಳು ಅದರ ಮೇಲೆಯೇ ಹೋದವು. ಅವರು ಅರ್ಧ ಓಡಿ ಅರ್ಧ ಬಿದ್ದು ರಸ್ತೆ ದಾಟಿ ನನ್ನ ಮೇಜಿನ ಕೆಳಗೆ ನುಗ್ಗಿದರು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಪಂಚೆಯ ಅಂಚು ಹಿಡಿದಿದ್ದರು. ಎಳೆಯಲಿಕ್ಕೆ ಬಂದವನಿಗೆ, ಸ್ವಾಮಿ ಇದು ಬಸ್ಸಿನ ಆಫೀಸು ಎಂದೆ. ನನಗೂ ಬೆನ್ನಿಗೆ ಒಂದು ಕೊಟ್ಟು ಅವನು ಬೇರೆಯವರ ಹಿಂದೆ ಓಡಿದ.

ಕಾರ್ಕಳದ ಬಸ್ಸು ಬಂದದ್ದು ಆಮೇಲೆ. ಬೆಳ್ಮಣ್, ಶಿರ್ವ ಮಾರ್ಗವಾಗಿ ಬರುವ ಆ ಬಸ್ಸಿಗೆ ಕಾಪುವಿನಲ್ಲಿ ಹನ್ನೊಂದು ಹತ್ತರ ಟೈಮ್. ಶಿರ್ವದ ಹತ್ತಿರ ರಸ್ತೆಗೆ ಮರ ಬಿದ್ದು ಅದು ತಡವಾಗಿತ್ತು. ತಿರುವಿನಲ್ಲಿ ಅದರ ಹಾರ್ನು ಕೇಳಿದಾಗ ಹನ್ನೊಂದು ಇಪ್ಪತ್ತಾರು. ಜನ ದಿಕ್ಕು ಕಾಣದೆ ರಸ್ತೆಗೆ ಓಡುತ್ತಿದ್ದರು, ಚಕ್ರಕ್ಕೆ ಸಿಕ್ಕಿ ಸಾಯುತ್ತಾರೆಂದು ಆಗ ಮಾತ್ರ ನನ್ನ ವಿಸಿಲು ಬಾಯಿ ಬಿಟ್ಟಿತು. ಡ್ರೈವರ್ ಸದಾನಂದ ಬ್ರೇಕು ಒತ್ತಿ ನಿಲ್ಲಿಸಿದ. ನಿಟ್ಟೆಯ ಒಬ್ಬ ಹುಡುಗ ಬಸ್ಸಿನ ಎದುರಿನಿಂದ ದಾಟಿ ಓಡಿದ. ಅವನ ಹಿಂದೆ ಬಂದ ಪೊಲೀಸು ಇನ್ನು ಸಿಗುವುದಿಲ್ಲವೆಂದು ಕಂಡದ್ದಕ್ಕೆ ಕೈಯಲ್ಲಿದ್ದ ಲಾಠಿಯನ್ನೇ ಬೀಸಿ ಎಸೆದ. ಹುಡುಗನಿಗೆ ತಾಗಲಿಲ್ಲ. ಬಸ್ಸಿನ ಮುಂದಿನ ಗಾಜಿಗೆ ತಾಗಿತು. ಗಾಜು ಒಡೆದು ಸದಾನಂದನ ಕೆನ್ನೆಗೆ ಹೊಕ್ಕಿತು. ಆ ಹೊತ್ತಿನಲ್ಲಿಯೂ ಜೂಲಿಯಾನ ಬಾಯಿಯ ಕೈ ನನ್ನ ಪಂಚೆಯ ಅಂಚಿನಲ್ಲೇ ಇತ್ತು.

ಹತ್ತು ನಿಮಿಷದಲ್ಲಿ ರಸ್ತೆ ಖಾಲಿ. ಹಿಡಿದವರನ್ನು ವ್ಯಾನಿಗೆ ತುಂಬಿದರು, ಮೇಜಿನ ಕೆಳಗಿದ್ದವರನ್ನೂ ಎಳೆದು ತುಂಬಿದರು. ಉಳಿದದ್ದು ಚಪ್ಪಲಿಗಳು, ಕೊಡೆಗಳು, ಆ ಟರ್ಪಾಲು. ಸದಾನಂದ ಬಸ್ಸಿನಿಂದ ಇಳಿದು ನನ್ನ ಮೇಜಿನ ಹತ್ತಿರ ಬಂದ. ಹೆಗಲ ಮೇಲಿನ ಬೈರಾಸನ್ನು ಕೆನ್ನೆಗೆ ಒತ್ತಿ ಹಿಡಿದಿದ್ದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವನು ಹೇಳಿದ್ದು ಎರಡೇ ಮಾತು, ವಾಸಣ್ಣ, ಬರೆಯಿರಿ. ನಾನು ಪುಸ್ತಕ ಎಳೆದು ಬರೆದೆ. ಅವನು ಆಟೋ ಹತ್ತಿ ಆಸ್ಪತ್ರೆಗೆ ಹೋದ, ನಾನು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ಹೋದೆ. ಮರುದಿನದಿಂದ ಮೇಜಿನ ಮೇಲೆ ಹೊಸ ಪುಸ್ತಕ.

ಮರುದಿನ ಪೊಲೀಸರ ಕಾಗದದಲ್ಲಿ ಬಂದ ಕತೆ ಬೇರೆ. ಹನ್ನೊಂದು ಹತ್ತಕ್ಕೆ ಕಾರ್ಕಳದ ಬಸ್ಸು ಬಂತಂತೆ. ಜೂಲಿಯಾನ ಬಾಯಿ ಕಂಕುಳಲ್ಲಿದ್ದ ಗಂಟಿನಿಂದ ಕಲ್ಲು ತೆಗೆದು ಬಸ್ಸಿಗೆ ಎಸೆದು, ಗಾಜು ಒಡೆದು, ಡ್ರೈವರಿಗೆ ಗಾಯ ಮಾಡಿದರಂತೆ. ಗುಂಪು ರೊಚ್ಚಿಗೆದ್ದಿತಂತೆ. ಅದಕ್ಕೇ ಹನ್ನೊಂದು ಹನ್ನೆರಡಕ್ಕೆ ಲಾಠಿ ಬೀಸಬೇಕಾಯಿತಂತೆ. ಮಲ್ಲಿಗೆ ಹೂವು ಕಲ್ಲಾಯಿತು. ಆ ಕಲ್ಲಿನ ಮೇಲೆಯೇ ಇಡೀ ಲಾಠಿ ಪ್ರಹಾರ ನಿಂತಿತು. ಉಳಿದವರನ್ನು ಬಿಟ್ಟರು, ಇವರ ಮೇಲೆ ಮಾತ್ರ ಜೈಲಿಗೆ ಹೋಗುವಂಥ ಕೇಸು. ಜಾಮೀನು ಸಿಕ್ಕಿದರೂ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಮಸ್ಕತ್ತಿನ ಮಗಳು ಚೊಚ್ಚಲು ಬಸುರಿ, ಬಾಣಂತನಕ್ಕೆ ಹೋಗಲು ಪಾಸ್‌ಪೋರ್ಟು ನವೀಕರಣಕ್ಕೆ ಕೊಟ್ಟದ್ದು, ಕೇಸು ಉಂಟೆಂದು ನಿಂತುಹೋಯಿತು.

ಮೊಬೈಲಿನಲ್ಲಿ ವೀಡಿಯೊ ಇರಲಿಲ್ಲವೇ ಎಂದು ಕೇಳುವವರು ಇದ್ದಾರೆ. ಇತ್ತು. ಓಡುವ ಕಾಲು, ಮಳೆ, ಬೊಬ್ಬೆ. ಗಾಜು ಒಡೆದದ್ದು ಒಂದರಲ್ಲೂ ಇರಲಿಲ್ಲ. ಅಂಗಡಿಗಳ ಕ್ಯಾಮರಾ ಕರೆಂಟಿಲ್ಲದೆ ಸತ್ತಿತ್ತು. ಬಸ್ಸಿನಲ್ಲಿದ್ದ ಜನರನ್ನು ಹುಡುಕಿದರೆ, ನಮಗೆ ಮನೆ ಮಕ್ಕಳು ಉಂಟು ಎಂದರು. ಬಸ್ಸಿನ ಟಿಕೇಟಿನಲ್ಲಿ ಹೊತ್ತು ಇರುತ್ತದಲ್ಲ ಎಂದು ಒಬ್ಬರು ವಕೀಲರು ಕೇಳಿದರು. ಟಿಕೇಟು ಕೊಡುವ ಒಳ್ಳೆಯ ಅಭ್ಯಾಸ ನಮ್ಮ ಆ ಕಂಡಕ್ಟರನಿಗೆ ಇದ್ದಿದ್ದರೆ ಅದೂ ಆಗುತ್ತಿತ್ತು.

ಗಲಾಟೆ ದೊಡ್ಡದಾದ್ದರಿಂದ ವಿಚಾರಣೆಗೆಂದು ಒಬ್ಬ ಅಧಿಕಾರಿಯನ್ನು ನೇಮಿಸಿದರು. ದೀಪಾವಳಿ ಕಳೆದ ಮೇಲೆ ಉಡುಪಿಯ ಒಂದು ಮೀಟಿಂಗ್ ಹಾಲಿನಲ್ಲಿ, ಕಂಡವರು ಬಂದು ಹೇಳಬಹುದು ಎಂದು ಪ್ರಕಟಣೆ ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಜೂಲಿಯಾನ ಬಾಯಿಯ ಮನೆಗೆ ಹೋಗಿ, ಬಾಯಮ್ಮ, ನಾನು ಹೇಳುತ್ತೇನೆ ಎಂದೆ. ಕೈಗೆ ಪ್ಲಾಸ್ಟರು ಇನ್ನೂ ಇತ್ತು. ಮಾಲಕರು ಬೈಯುವುದಿಲ್ಲವೇ ಎಂದರು. ಬೈದರೆ ಬೈಯಲಿ, ನಿಮಿಷ ನಿಮಿಷದ ಲೆಕ್ಕ ನನ್ನಲ್ಲುಂಟು, ನನ್ನ ಪುಸ್ತಕದ ಎದುರು ಅವರ ಕಾಗದ ನಿಲ್ಲುತ್ತದಾ ಎಂದು ದೊಡ್ಡ ಬಾಯಿ ಮಾಡಿದೆ. ಅವರ ಮುಖದಲ್ಲಿ ಮೂರು ತಿಂಗಳಲ್ಲಿ ಮೊದಲ ಸಲ ನಗು ಕಂಡಿತು. ಒಳಗೆ ಹೋಗಿ ಮಗಳಿಗೆ ಫೋನು ಮಾಡಿ, ವಾಸಣ್ಣ ಸಾಕ್ಷಿ ಹೇಳುತ್ತಾರಂತೆ, ನಾನು ಬರುತ್ತೇನೆ ಎಂದು ಕೊಂಕಣಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು.

ಹಾಲಿನಲ್ಲಿ ನೂರು ಜನ ಇದ್ದರು. ನಾನು ಬಿಳಿ ಪಂಚೆ, ಇಸ್ತ್ರಿ ಅಂಗಿ. ಎಲ್ಲ ಹೇಳಿದೆ, ನಿಮಿಷ ಸಮೇತ. ವಿಸಿಲು ಹನ್ನೊಂದು ಹನ್ನೆರಡಕ್ಕೆ, ಬಸ್ಸು ಹನ್ನೊಂದು ಇಪ್ಪತ್ತಾರಕ್ಕೆ, ಗಾಜು ಒಡೆದದ್ದು ಎಸೆದ ಲಾಠಿಯಿಂದ, ಆ ಹೊತ್ತಿಗೆ ಈ ಬಾಯಮ್ಮ ನನ್ನ ಮೇಜಿನ ಕೆಳಗೆ. ವಿಚಾರಣಾಧಿಕಾರಿ ಕನ್ನಡಕ ತೆಗೆದು, ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರು. ನಾನು ಚೀಲದಿಂದ ಪುಸ್ತಕ ತೆಗೆದು ಎರಡು ಕೈಯಲ್ಲಿ ಅವರ ಮೇಜಿನ ಮೇಲಿಟ್ಟೆ. ನೋಡಿ ಸ್ವಾಮಿ, ನನ್ನ ಕೈಯಲ್ಲೇ ಬರೆದದ್ದು ಎಂದೆ. ಕೋಲು ಕೊಟ್ಟು ಪೆಟ್ಟು ತಿನ್ನುವುದು ಎನ್ನುತ್ತಾರಲ್ಲ, ಅದನ್ನು ನಾನು ಮಾಡಿದ್ದು ಆ ದಿನ.

ಪೊಲೀಸರ ಕಡೆಯ ವಕೀಲ ಎದ್ದು ಬಂದು ಹಾಳೆ ತಿರುವಿದ. ಆ ದಿನದ ಪುಟದಲ್ಲಿ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡಿ ನಕ್ಕ. ಗಟ್ಟಿಯಾಗಿ ಓದಿದ. ಕಾರ್ಕಳ, ಶಿರ್ವ ಮಾರ್ಗ, ಹನ್ನೊಂದು ಹತ್ತು.

ಹೌದು. ಹಾಗೆಯೇ ಬರೆದಿದ್ದೆ. ರಕ್ತದ ಕೈಯಲ್ಲಿ ಸದಾನಂದ ಬರೆಯಿರಿ ಎಂದಾಗ ನನ್ನ ಕೈ ಇಪ್ಪತ್ತೆರಡು ವರ್ಷ ಬರೆದದ್ದನ್ನೇ ಬರೆದಿತ್ತು. ಎದುರು ಜನರ ಮಂಡೆ ಒಡೆದು ರಸ್ತೆ ಕೆಂಪಾಗಿದೆ, ನನ್ನ ಕೈ ಅಡ್ಜಸ್ಟ್ ಮಾಡುತ್ತಾ ಕುಳಿತಿದೆ. ಬರೆದದ್ದು ನೆನಪೂ ಇರಲಿಲ್ಲ. ಮೂರು ತಿಂಗಳು ಆ ಪುಸ್ತಕವನ್ನು ಕಪಾಟಿನಲ್ಲಿ ಜೋಪಾನ ಮಾಡಿ ಇಟ್ಟಿದ್ದೆನೇ ಹೊರತು ಒಮ್ಮೆ ತೆರೆದು ನೋಡುವ ಬುದ್ಧಿ ಬರಲಿಲ್ಲ, ಅಷ್ಟು ನಂಬಿಕೆ ನನ್ನ ಮೇಲೆ ನನಗೆ.

ವಿಚಾರಣಾಧಿಕಾರಿ ಸಿಟ್ಟಿನ ಮನುಷ್ಯರಲ್ಲ. ಮೆಲ್ಲಗೆ ಕೇಳಿದರು, “ನೀವು ಪುಸ್ತಕದಲ್ಲಿ ಸುಳ್ಳು ಬರೆಯುತ್ತೀರೋ, ಇಲ್ಲಿ ಸುಳ್ಳು ಹೇಳುತ್ತೀರೋ?”

“ಪುಸ್ತಕದಲ್ಲಿ ಸ್ವಾಮಿ.”

“ಎಷ್ಟು ಸಮಯದಿಂದ?”

“ಇಪ್ಪತ್ತೆರಡು ವರ್ಷದಿಂದ.”

ಹಾಲಿನ ಹಿಂದೆ ಯಾರೋ ನಕ್ಕರು. ನಾನು ವಿವರಿಸಲಿಕ್ಕೆ ಹೋದೆ, ಮಾಲಕರು, ಡ್ರೈವರಿನ ಡ್ಯೂಟಿ, ಎರಡು ನಿಮಿಷ ನಾಲ್ಕು ನಿಮಿಷ ಎಂದೆಲ್ಲ. ಹೇಳಿದಷ್ಟೂ ನನ್ನ ಕುತ್ತಿಗೆಗೆ ನಾನೇ ಹಗ್ಗ ಬಿಗಿದ ಹಾಗಾಯಿತು. ಹಾಗಾದರೆ ಇವತ್ತು ಒಂದು ದಿನ ಮಾತ್ರ ಸತ್ಯ ಹೇಳಲು ಬಂದಿದ್ದೀರಿ ಎಂದ ಆ ವಕೀಲ. ಸದಾನಂದನನ್ನು ಕೇಳಿ, ಅವನಿಗೆ ಗೊತ್ತುಂಟು ಎಂದೆ. ಸದಾನಂದ ಅಲ್ಲೇ ಇದ್ದ, ಮಾಲಕನ ಪಕ್ಕದಲ್ಲಿ. ಕೆನ್ನೆಯ ಮೇಲೆ ಬೆರಳುದ್ದದ ಗಾಯದ ಕಲೆ. ಎದ್ದು ನಿಂತು ನೆಲ ನೋಡುತ್ತಾ, ಬಸ್ಸು ಟೈಮಿಗೇ ಬಂದಿತ್ತು ಎಂದ. ಯಾರು ಎಸೆದದ್ದೆಂದು ನಾನು ನೋಡಲಿಲ್ಲ ಎಂದ. ಅವನನ್ನು ಬೈಯಲಿಕ್ಕೂ ನನಗೆ ಬಾಯಿ ಇಲ್ಲ. ಅವನು ಹೇಳಿದ್ದು ನಾನು ಬರೆದದ್ದನ್ನೇ.

ಜೂಲಿಯಾನ ಬಾಯಿ ಎರಡನೇ ಸಾಲಿನಲ್ಲಿ ಕುಳಿತಿದ್ದರು. ಊರಿನ ಪುಸ್ತಕದಲ್ಲಿ ಸುಳ್ಳು ಬರೆದರೆಂದು ಬೀದಿಗೆ ಬಂದ ಹೆಂಗಸು. ಅವರನ್ನು ಇನ್ನೊಂದು ಸುಳ್ಳು ಪುಸ್ತಕ ತಂದು ಮುಗಿಸಿದವನು ನಾನು, ಅದೂ ಇಸ್ತ್ರಿ ಅಂಗಿ ಹಾಕಿಕೊಂಡು. ಹೊರಗೆ ಬರುವಾಗ ಅವರ ಮುಖ ನೋಡುವ ಧೈರ್ಯ ಸಾಲದೆ ಹಿಂದಿನ ಬಾಗಿಲಿನಿಂದ ಹೋದೆ. ಮನೆಯಲ್ಲಿ ನನ್ನ ಹೆಂಡತಿ ಎಲ್ಲ ಕೇಳಿ, ಊರಿಗೆಲ್ಲ ಒಳ್ಳೆಯವರಾಗುವ ಚಟ ನಿಮ್ಮದು ಎಂದಳು. ಆಮೇಲೆ ಅನ್ನ ಬಡಿಸಿದಳು.

ವರದಿ ಬಂತು. ಸಾಕ್ಷಿಯ ಸ್ವಂತ ದಾಖಲೆಯಿಂದಲೇ ಬಸ್ಸು ಹನ್ನೊಂದು ಹತ್ತಕ್ಕೆ ಬಂದದ್ದು ದೃಢಪಟ್ಟಿದೆ, ಬಲಪ್ರಯೋಗ ಅನಿವಾರ್ಯವಾಗಿತ್ತು ಎಂದು ಬರೆದರು. ಧರಣಿಗೆ ಮತ್ತೆ ಯಾರೂ ಕೂರಲಿಲ್ಲ. ಮದಗದ ದಂಡೆಗೆ ಬೇಲಿ ಬಿತ್ತು. ಮಸ್ಕತ್ತಿನಲ್ಲಿ ಮಗಳು ಹೆತ್ತಳು, ಅಮ್ಮ ಇಲ್ಲದೆ.

ಆ ದಿನದಿಂದ ನಾನು ನಿಮಿಷಕ್ಕೆ ನಿಮಿಷ ಸರಿ ಬರೆಯತೊಡಗಿದೆ. ಒಂದು ನಿಮಿಷ ತಡವಾದರೂ ತಡ. ಡ್ರೈವರುಗಳು ಮೊದಲು ತಮಾಷೆ ಎಂದುಕೊಂಡರು, ಆಮೇಲೆ ಬೇಡಿದರು, ಆಮೇಲೆ ನನ್ನ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದರು. ನಾಲ್ಕು ವಾರದಲ್ಲಿ ಮಾಲಕರು ಕರೆದು, ವಾಸಣ್ಣ, ನಿಮಗೆ ವಯಸ್ಸಾಯಿತು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಒಂದು ಶಾಲು ಹೊದಿಸಿ ಕಳಿಸಿದರು. ಸುಳ್ಳು ಬರೆದ ಇಪ್ಪತ್ತೆರಡು ವರ್ಷ ನಾನು ಒಳ್ಳೆಯವ, ಸತ್ಯ ಬರೆದ ನಾಲ್ಕು ವಾರಕ್ಕೆ ಮಂಡೆ ಸರಿ ಇಲ್ಲದವ. ಆ ಶಾಲಿನಲ್ಲಿ ನನ್ನ ಹೆಂಡತಿ ಈಗ ಹಪ್ಪಳ ಒಣಗಿಸುತ್ತಾಳೆ.

ಈ ವರ್ಷ ಮಳೆ ಹಿಡಿಯುವ ಮೊದಲು ಕೋರ್ಟಿನಿಂದ ನನಗೆ ಸಮನ್ಸ್ ಬಂತು. ಜೂಲಿಯಾನ ಬಾಯಿಯ ಕೇಸಿನಲ್ಲಿ ಸಾಕ್ಷಿ. ಯಾರ ಕಡೆಯ ಸಾಕ್ಷಿ ಎಂದು ಓದಿದಾಗ ಕಾಗದ ಕೈಯಿಂದ ಬಿತ್ತು. ಪೊಲೀಸರ ಕಡೆಯ ಸಾಕ್ಷಿ. ನನ್ನ ಪುಸ್ತಕ ಈಗ ಅವರ ದಾಖಲೆ, ಅದನ್ನು ಬರೆದವನು ಬಂದು ಹೌದು ಎನ್ನಬೇಕು. ಜೂಲಿಯಾನ ಬಾಯಿಯ ವಕೀಲರ ಹತ್ತಿರ ಓಡಿದೆ. ನೀವಾದರೂ ಗಾಜಿನ ವಿಷಯ ನನ್ನನ್ನು ಕೇಳಿ, ಲಾಠಿ ಎಸೆದದ್ದನ್ನು ಹೇಳುತ್ತೇನೆ ಎಂದು ಕಾಲು ಹಿಡಿಯುವುದೊಂದು ಬಾಕಿ. ನಿಮ್ಮನ್ನು ಮಾತಾಡಿಸಿದಷ್ಟೂ ನಮ್ಮ ಕೇಸು ಕೆಡುತ್ತದೆ, ಇಪ್ಪತ್ತೆರಡು ವರ್ಷದ್ದು ಮತ್ತೆ ಹೊರಗೆ ಬರುತ್ತದೆ ಎಂದರು ಅವರು. ಅವರದ್ದು ತಪ್ಪೆಂದು ಹೇಳಲಾರೆ.

ಜೂಲಿಯಾನ ಬಾಯಿಯ ಮನೆಗೆ ಹೋಗಲಿಕ್ಕೆ ಎರಡು ದಿನ ಬೇಕಾಯಿತು. ಅಂಗಳದಲ್ಲಿ ಹೂವು ಕಟ್ಟುತ್ತಾ ಕುಳಿತಿದ್ದರು. ಆ ಮಣಿಕಟ್ಟು ಸರಿ ಕೂಡಿರಲಿಲ್ಲ, ಬಾಳೆನಾರನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತಿದ್ದರು. ಕುರ್ಚಿ ಕೊಟ್ಟರು, ಚಾ ಕೊಟ್ಟರು. ನಾನು ಸಮನ್ಸ್ ತೋರಿಸಿ, ನಾನು ಕೋರ್ಟಿನಲ್ಲಿ ಈ ಅಕ್ಷರ ನನ್ನದಲ್ಲ ಎಂದುಬಿಡುತ್ತೇನೆ ಬಾಯಮ್ಮ, ಬೇಕಾದರೆ ನನ್ನನ್ನು ಹಾಕಲಿ ಒಳಗೆ ಎಂದೆ. ಹಾಗೆ ಹೇಳುವಾಗ ಅಳು ಬಂತು. ನನ್ನನ್ನು ಬೈಯಿರಿ, ಮೂರು ವರ್ಷದಿಂದ ನೀವು ಒಂದು ಮಾತು ಬೈಯಲಿಲ್ಲ, ಅದೇ ನನ್ನನ್ನು ತಿನ್ನುತ್ತಾ ಉಂಟು ಎಂದೆ.

ಅವರು ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿ ಇಟ್ಟರು. “ಯಾವ ಬಾಯಲ್ಲಿ ಬೈಯಲಿ ವಾಸಣ್ಣ? ನನ್ನ ಹೂವಿಗೋಸ್ಕರ ಮಂಗಳೂರು ಬಸ್ಸನ್ನು ಎಷ್ಟು ದಿನ ನಿಲ್ಲಿಸಿದ್ದೀರಿ, ಪುಸ್ತಕದಲ್ಲಿ ಟೈಮಿಗೆ ಹೋಯಿತೆಂದು ಬರೆದಿದ್ದೀರಿ. ಆಗ ನನಗೆ ಅದು ಸುಳ್ಳು ಅನ್ನಿಸಲಿಲ್ಲ.”

ಮತ್ತೆ ನಾರನ್ನು ಕೈಗೆತ್ತಿಕೊಂಡು, “ಕೇಳಿದರೆ ಹೌದು ಅನ್ನಿ. ನನಗಾಗಿ ಇನ್ನೊಂದು ಸುಳ್ಳು ಬೇಡ” ಎಂದರು.

ಉಡುಪಿಯ ಕೋರ್ಟಿನಲ್ಲಿ ನನ್ನ ಹೆಸರು ಮೂರು ಸಲ ಕೂಗಿದರು. ಕಟಕಟೆ ಹತ್ತಿದೆ. ಸರಕಾರಿ ವಕೀಲರು ಪುಸ್ತಕದ ಆ ಪುಟವನ್ನು ನನ್ನ ಎದುರು ಹಿಡಿದು, ಈ ಅಕ್ಷರ ನಿಮ್ಮದೇ ಎಂದು ಕೇಳಿದರು. ಹೌದು ಎಂದೆ. ಎಷ್ಟು ಗಂಟೆ ಬರೆದಿದೆ ಎಂದರು. ಹನ್ನೊಂದು ಹತ್ತು ಎಂದೆ. ಆದರೆ ಸ್ವಾಮಿ ಎಂದು ಬಾಯಿ ತೆರೆದೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದರು. ಜೂಲಿಯಾನ ಬಾಯಿಯ ವಕೀಲರು ಅರ್ಧ ಎದ್ದು, ಪ್ರಶ್ನೆ ಇಲ್ಲ ಎಂದು ಕುಳಿತರು. ಎಲ್ಲ ಸೇರಿ ನಾಲ್ಕು ನಿಮಿಷ, ಗೋಡೆಯ ಗಡಿಯಾರ ನೋಡಿ ಹೇಳುತ್ತಿದ್ದೇನೆ. ಇಳಿಯಿರಿ ಎಂದರು, ಇಳಿದೆ. ಗಾಜು ಒಡೆದದ್ದು ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ.